ವಾಪಸ್ ಮಾಡಬಹುದಾದ ಹಾರ

ಪೂರ್ಣೇಶ್ ತನ್ನ ಫೋಟೊಗೆ ತಾನೇ ಹಾರ ಹಾಕಿದ. ಸ್ಟೂಲಿನಿಂದ ಇಳಿದು, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. ಎಡಕ್ಕೆ ಒಂಚೂರು ವಾಲಿತ್ತು. ಮತ್ತೆ ಹತ್ತಿ ಸರಿಮಾಡಿದ.

“ಡಬ್ಬ ಬಿಸಾಡಬೇಡ ಮಾರಾಯ್ತಿ,” ಎಂದ ಹೆಂಡತಿಗೆ. “ಹಾರದ ಬೆಲೆ ಚೀಟಿನೂ ಕೀಳಬೇಡ. ಕೆಲಸ ಮುಗಿದ್ಮೇಲೆ ವಾಪಸ್ ಕಳಿಸಬಹುದು.”

ಆನ್‌ಲೈನಿನಲ್ಲಿ ತರಿಸಿದ ಗಂಧದ ಹಾರ. ಗಂಧದ ವಾಸನೆ ಇರಲಿಲ್ಲ. ಕ್ಯಾಮೆರಾಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಸುಚಿತ್ರಾ ಫೋಟೊ ಕಡೆ ನೋಡದೆ ಡಬ್ಬವನ್ನು ಅಟ್ಟಕ್ಕೆ ಹಾಕಿದಳು.

ಮಗಳು ಸೌಜನ್ಯಾ ಟೀವಿಯ ಹಾಡಿನ ಸ್ಪರ್ಧೆಯಲ್ಲಿದ್ದಳು. ಕಳೆದ ಸುತ್ತಿನಲ್ಲಿ ಅವಳಷ್ಟು ಶುದ್ಧವಾಗಿ ಯಾರೂ ಹಾಡಿರಲಿಲ್ಲ. ತೀರ್ಪುಗಾರರೇ ಹಾಗೆಂದರು. ಜನರ ಓಟು ಮಾತ್ರ ತಾಯಿಯಿಲ್ಲದ ಹುಡುಗನೊಬ್ಬನಿಗೆ ಬಿತ್ತು. ಸೌಜನ್ಯಾ ಕೂದಲೆಳೆಯ ಅಂತರದಲ್ಲಿ ಉಳಿದಳು. ಪೂರ್ಣೇಶ್ ಹಳೆಯ ಸೀಸನ್‌ಗಳನ್ನೆಲ್ಲ ಯೂಟ್ಯೂಬಿನಲ್ಲಿ ಕೂತು ನೋಡಿದ. ಗೆದ್ದವರ ಹಾಡು ಕೇಳಲಿಲ್ಲ, ಅವರ ಮನೆಯಲ್ಲಿ ಯಾರು ಸತ್ತಿದ್ದಾರೆಂದು ಗಮನಿಸಿದ. ಚಾನೆಲ್‌ನವರು ಮನೆಯ ಕಥೆ ಕೇಳಿದಾಗ, ಅಪ್ಪ ತೀರಿಹೋಗಿ ಎರಡು ವರ್ಷವಾಯಿತೆಂದು ಮಗಳಿಂದಲೇ ಹೇಳಿಸಿದ. ಬೆಂಗಳೂರಿಗೆ ಜೊತೆಗೆ ಹೋಗುತ್ತಿದ್ದುದು ತಾಯಿ; ಅವನ ಮುಖವನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ನಾಳೆ ಅವರು ತೀರ್ಥಹಳ್ಳಿಗೆ ಬಂದು ಆ ಕಥೆಯ ಶೂಟಿಂಗ್ ಮಾಡುವವರಿದ್ದರು.

ಕೇರಿಯವರೂ ಒಪ್ಪಿದ್ದರು. ನಮ್ಮೂರ ಹುಡುಗಿ ಗೆದ್ದರೆ ಸಾಕು. ಪಕ್ಕದ ಮನೆಯ ಹೂವಪ್ಪ ಟವಲಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನೂ ಅಭ್ಯಾಸ ಮಾಡಿಕೊಂಡಿದ್ದ.

ಇದ್ದ ಹೆದರಿಕೆ ಒಂದೇ. ‘ರಿಯಾಲಿಟಿ ಶೋ ಒಳಗಿನ ಗುಟ್ಟು’ ಎಂಬ ವೀಡಿಯೊವನ್ನು ಸುಚಿತ್ರಾ ನೋಡಿದ್ದಳು. ಮುಖ ತೋರಿಸದ ಒಬ್ಬ ಅದರಲ್ಲಿ ಹೇಳುತ್ತಿದ್ದ: ಚಾನೆಲ್‌ನವರು ಶೂಟಿಂಗ್ ನಡುವೆ ಗೊತ್ತಿಲ್ಲದ ನಂಬರಿನಿಂದ ಫೋನ್ ಮಾಡಿಸುತ್ತಾರೆ. ಹಿಂದೊಮ್ಮೆ ತಾಯಿ ಸತ್ತಿದ್ದಾಳೆಂದು ಸುಳ್ಳು ಹೇಳಿದ್ದ ಬೇರೊಬ್ಬ ಹುಡುಗನಿಗೆ, ನಿಮ್ಮಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದಾರೆ ಎಂದರು. ಅವನು ‘ಎಲ್ಲಿ?’ ಎಂದ. ಅಲ್ಲಿಗೆ ಅವನ ಕಥೆ ಮುಗಿಯಿತು.

ಆದ್ದರಿಂದ ತಾಲೀಮು. ಪೂರ್ಣೇಶ್ ಅಂಗಳದ ಬಾವಿಕಟ್ಟೆಯ ಬಳಿ ನಿಂತು ಮನೆಯೊಳಗಿನ ಹೆಂಡತಿಗೆ ಫೋನ್ ಮಾಡಿದ. ದನಿ ಬದಲಿಸಿ, ನಿಮ್ಮ ಯಜಮಾನರಿಗೆ ಆಕ್ಸಿಡೆಂಟ್ ಆಗಿದೆ ಎಂದ.

“ಅಯ್ಯೋ, ಎಲ್ಲಿ?”

ಒಳಗೆ ಬಂದು ಬೈದ. ಮತ್ತೆ ಹೋಗಿ ಮಾಡಿದ. ಕಿಟಕಿಯಾಚೆ ಗಂಡ ಗಟ್ಟಿಮುಟ್ಟಾಗಿ ನಿಂತಿರುವುದು ಕಾಣುತ್ತಿದ್ದರೂ ಅವಳ ಬಾಯಿಗೆ ಅದೇ ಮಾತು ಬರುತ್ತಿತ್ತು. ಕತ್ತಲಾಗುವಷ್ಟರಲ್ಲಿ ಕಲಿತಳು.

“ಯಾರೇ ಕೇಳ್ಲಿ, ಸತ್ತ ಅನ್ನು,” ಎಂದ ಪೂರ್ಣೇಶ್. “ಮತ್ತೆ ಮಾಡಿದ್ರೆ ಬ್ಲಾಕ್ ಮಾಡು. ನನ್ನ ಫೋನ್ ಆಫ್ ಇರ್ತದೆ.”

“ಬಾಯಲ್ಲಿ ಆಡೋ ಮಾತಾ ಅದು?”

“ಮಗಳು ಗೆದ್ದ ಮೇಲೆ ಬದುಕಿಸ್ಕೊಳ್ಳೆ.”

ಬೆಳಿಗ್ಗೆ ಚಾನೆಲ್‌ನ ವ್ಯಾನು ಬರುವ ಮೊದಲೇ ಅವನು ಬೈಕ್ ಹತ್ತಿದ. ಹೊಸನಗರ, ಸಾಗರ ದಾಟಿದರೆ ಕಾರ್ಗಲ್. ಅಲ್ಲಿ ತಂಗಿಯ ಮನೆ.

ಶೂಟಿಂಗ್ ನಡೆಸಲು ಬಂದವನ ಹೆಸರು ಶ್ರೀಶ. ಮೆದುಮಾತಿನವನು. ಮೊದಲು ಫೋಟೊದ ಹತ್ತಿರ ಹೋದ. ಹಾರದ ಒಂದು ತುದಿ ಹಿಡಿದು ನೋಡಿ, ಬೆರಳಿನಿಂದ ಅದನ್ನು ಫ್ರೇಮಿನ ಹಿಂದಕ್ಕೆ ತೂರಿಸಿದ. ಸುಚಿತ್ರಾ ಉಸಿರು ಬಿಗಿಹಿಡಿದಳು. ಅವನು ಕ್ಯಾಮೆರಾ ಎಲ್ಲಿಡಬೇಕೆಂದು ತೋರಿಸಿದ.

ಹೂವಪ್ಪ ಟವಲು ಒದ್ದೆ ಮಾಡಿಕೊಂಡ. ಸೌಜನ್ಯಾಳ ಸರದಿ ಬಂದಾಗ ತೊಡಕಾಯಿತು. ಫೋಟೊ ನೋಡಿ ಅಪ್ಪನ ಹತ್ತಿರ ಮಾತಾಡಬೇಕಿತ್ತು. ಮಾತು ಬಂತು, ಕಣ್ಣೀರು ಬರಲಿಲ್ಲ. ಶ್ರೀಶ ಮತ್ತೆ ಮತ್ತೆ ಮಾಡಿಸಿದ. ಅವನ ಮುಖ ಸಪ್ಪಗಾಗತೊಡಗಿತು.

ಆಗ ಕಿಟಕಿಯ ಮೇಲಿದ್ದ ಫೋನ್ ಹೊಡೆದುಕೊಂಡಿತು. ಮನೆಯೊಳಗೆ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಗೊತ್ತಿಲ್ಲದ ನಂಬರು.

ಸುಚಿತ್ರಾ ಹೊರಗೆ ನೋಡಿದಳು. ಬಾವಿಕಟ್ಟೆಯ ಬಳಿ ವ್ಯಾನಿನ ಡ್ರೈವರ್ ಬೆನ್ನು ಮಾಡಿ ನಿಂತಿದ್ದ. ಕಿವಿಯಲ್ಲಿ ಫೋನ್. ನಿನ್ನೆ ಪೂರ್ಣೇಶ್ ನಿಂತಿದ್ದ ಜಾಗವೇ ಅದು.

“ಪೂರ್ಣೇಶ್ ಅವ್ರ ಮನೆಯವ್ರಾ?” ಎಂದಿತು ಫೋನು. “ಆಸ್ಪತ್ರೆಯಿಂದ ಮಾತಾಡ್ತಿರೋದು. ಅವ್ರ ಪರ್ಸಲ್ಲಿ ಈ ನಂಬರ್ ಇತ್ತು. ಆಕ್ಸಿಡೆಂಟ್ ಆಗಿದೆ. ಮನೆಯವ್ರು ಯಾರಾದ್ರೂ ತಕ್ಷಣ—”

ಅವಳು ಡ್ರೈವರನ ಬೆನ್ನನ್ನೇ ನೋಡುತ್ತ ಉತ್ತರಿಸಿದಳು.

“ನಮ್ಮನೆಯವ್ರು ತೀರಿಹೋಗಿ ಎರಡು ವರ್ಷ ಆಯ್ತು. ಸತ್ತೋರ ಹೆಸರಲ್ಲಿ ಆಟ ಆಡಬೇಡಿ.”

ಫೋನ್ ಮತ್ತೆ ಬಂತು. ಬ್ಲಾಕ್ ಮಾಡಿದಳು. ‘ಎಲ್ಲಿ’ ಎಂಬ ಮಾತು ಗಂಟಲಿಗೂ ಬರಲಿಲ್ಲ.

ತಾಯಿಯ ದನಿ ಎಷ್ಟು ನಿಜವಾಗಿತ್ತೆಂದರೆ, ಸೌಜನ್ಯಾ ಒಮ್ಮೆಲೇ ಬಿಕ್ಕಿದಳು. ಅಪ್ಪಾ ಎಂದು ಫೋಟೊದ ಗಾಜಿಗೆ ಹಣೆ ಹಚ್ಚಿ ಅತ್ತಳು. ಕ್ಯಾಮೆರಾ ಓಡುತ್ತಲೇ ಇತ್ತು. ಶ್ರೀಶ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿದ. ಇಷ್ಟು ಸಾಕು, ಹುಡುಗಿ ಫೈನಲ್ ಸೇರಿದಳೆಂದೇ ತಿಳಿಯಿರಿ ಎಂದು ಆಮೇಲೆ ಹೇಳಿದ.

ಸಾಮಾನು ವ್ಯಾನಿಗೇರಿತು. ಸುಚಿತ್ರಾಗೆ ಗೆದ್ದ ಹುರುಪು. ತಡೆದುಕೊಳ್ಳಲಾಗಲಿಲ್ಲ.

“ಗಂಡ ಸತ್ತೋಳನ್ನ ಹೀಗೆಲ್ಲ ಪರೀಕ್ಷೆ ಮಾಡೋದಾ ಸರ್? ನಿಮ್ಮ ಡ್ರೈವರ್ ಥೇಟ್ ಆಸ್ಪತ್ರೆಯವ್ರ ಹಾಗೇ ಮಾತಾಡಿದ್ರು ಫೋನಲ್ಲಿ.”

ಶ್ರೀಶನಿಗೆ ತಿಳಿಯಲಿಲ್ಲ. ಡ್ರೈವರ್ ಆಗ ಫೋನಿನಲ್ಲಿ ಹೋಟೆಲಿಗೆ ಊಟ ಹೇಳುತ್ತಿದ್ದನಲ್ಲ ಎಂದ. ಆಮೇಲೆ ಏನೋ ಹೊಳೆದವನಂತೆ ನಕ್ಕು, ದನಿ ತಗ್ಗಿಸಿದ.

“ನಾವು ಯಾರನ್ನೂ ಪರೀಕ್ಷೆ ಮಾಡಲ್ಲ ಅಮ್ಮಾ. ಹಾರದ ಚೀಟಿ ಕಾಣದ ಹಾಗೆ ಹಿಂದಕ್ಕೆ ತೂರಿಸಿದ್ದೇ ನಾನು.”