ಸೊಳ್ಳೆಮನೆಯ ಪಾಠ

ಮೃಗಾಲಯದಲ್ಲಿ ಹುಲಿಯ ಬೋನಿಗಿಂತ ಸೊಳ್ಳೆಮನೆಯ ಮುಂದೆಯೇ ಶಾಲಾಮಕ್ಕಳ ಸಾಲು ಉದ್ದವಿತ್ತು. ಮನೆಯ ಹಿರಿಯರೊಬ್ಬರು ಜೊತೆಗೆ ಬರಲೇಬೇಕೆಂದು ಶಾಲೆಯವರು ಹಟ ಹಿಡಿದದ್ದರಿಂದ ಸಣ್ಣತಾಯಮ್ಮ ಮೊಮ್ಮಗಳು ಇಂಚರಾಳ ಹಿಂದೆ ಹಲ್ಲು ಕಚ್ಚಿಕೊಂಡು ಒಳಗೆ ಬಂದಳು.

“ಭೂಮಿ ಮೇಲೆ ಉಳಿದಿರೋದು ಇದೊಂದೇ ಸೊಳ್ಳೆ, ಮಕ್ಕಳೇ. ಅದರ ಹಾಡು ಕೇಳಿ,” ಎಂದು ಪಾಠ ಹೇಳುವ ಮೇಡಂ ಪಿಸುಗುಟ್ಟಿದಳು. “ಇವತ್ತು ಅದಕ್ಕೆ ಊಟ ಕೊಡೋ ಅದೃಷ್ಟ ಇಂಚರಾದು.”

ಇಂಚರಾ ಹೆಮ್ಮೆಯಿಂದ ತೋಳು ಚಾಚಿದಳು.

“ಹಾಡಂತೆ ಹಾಡು!” ಎಂದು ಗೊಣಗಿದ ಸಣ್ಣತಾಯಮ್ಮನಿಗೆ ಮೈಯೆಲ್ಲ ಉರಿಯಿತು. ಎಷ್ಟೋ ವರ್ಷಗಳ ಹಿಂದೆ, ಇಂಚರಾಳದೇ ವಯಸ್ಸಿನ ಮಗ ಲಿಂಗರಾಜುವನ್ನು ಅವಳು ಡೆಂಗಿ ವಾರ್ಡಿನಿಂದ ಹೆಣವಾಗಿ ಹೊತ್ತು ತಂದಿದ್ದಳು.

ಸೊಳ್ಳೆ ಮೊಮ್ಮಗಳ ತೋಳಿನ ಮೇಲೆ ಕೂತಿತು. ಅದರ ಹೊಟ್ಟೆ ಕೆಂಪಗೆ ಉಬ್ಬುತ್ತಿದ್ದಂತೆ ಅಜ್ಜಿಯ ಕೈ ತಾನಾಗಿಯೇ ಎದ್ದು ಪಟ್ಟೆಂದು ಬಿತ್ತು.

“ಅಯ್ಯೋ ಅಜ್ಜಿ, ಏನ್ ಮಾಡ್ಬಿಟ್ರಿ!” ಮೇಡಂ ಚೀರಿದಳು. “ಇನ್ನು ಮಕ್ಕಳಿಗೆ ಏನಂತ ತೋರಿಸ್ಲಿ ನಾನು?”

ಸಣ್ಣತಾಯಮ್ಮ ರಕ್ತ ಮೆತ್ತಿದ ಅಂಗೈಯನ್ನು ಪಾಠದ ಹಲಗೆಗೆ, ಸೊಳ್ಳೆಯ ದೊಡ್ಡ ಚಿತ್ರದ ಪಕ್ಕದಲ್ಲೇ, ಒರೆಸಿದಳು.

“ಇದನ್ನ ತೋರ್ಸವ್ವ,” ಎಂದಳು. “ಕೆಳಗೆ ಲಿಂಗರಾಜು ಅಂತ ಬರಿ.”