ಮೇಣ ಮುಚ್ಚಿದ ತೋಟಾ

ಗುರಿಯಾಟಕ್ಕೆಂದು ಗಾಳಿಗೆ ಎಸೆದ ಇಪ್ಪತ್ತನಾಲ್ಕನೆಯ ಮಣ್ಣಿನ ಬಿಲ್ಲೆಯೂ ಗುಂಡಿಗೆ ಒಡೆಯದೆ ಹಾರಿಹೋಗಿ ಹುಲ್ಲಿಗೆ ಬಿತ್ತು. ಬೆಂಚಿನಲ್ಲಿದ್ದ ಗೆಳೆಯರು ಹೋ ಎಂದು ನಕ್ಕರು. ಅಮೆರಿಕದ ಡಕೋಟ ಬಯಲಿನ ಎದುರುಗಾಳಿ ಕೋವಿಯ ಹೊಗೆಯನ್ನೆಲ್ಲ ಆರ್ವಿಡ್‌ನ ಮುಖಕ್ಕೇ ತಂದು ಎರಚಿತು. ಆಗಷ್ಟೇ ಬಂದು ನಿಂತ ಅಣ್ಣನ ಮಗಳ ಕಡೆ ಅವನು ತಿರುಗಿದ.

"ನೋಡು ಮಾರ್ನಿ, ಸತ್ತ ಮೇಲೂ ನಿಮ್ಮಪ್ಪ ನನ್ನ ಮಾನ ಕಳೀತಿದ್ದಾನೆ! ಪ್ರತಿ ಭಾನುವಾರ ನನಗೇಂತ ಒಂದು ಡಬ್ಬಿ ತೋಟಾ ತುಂಬಿ ಗ್ಯಾರೇಜಲ್ಲಿ ಇಡ್ತಿದ್ದನಲ್ಲ, ಇದೇ ಕೊನೇದು. ಬೆಳಿಗ್ಗೆ ತಗೊಂಡ್ಬಂದೆ. ಒಳಗೆ ಸೀಸದ ಚರೆ ಹಾಕೋದನ್ನೇ ಮರೆತಿದ್ದಾನೆ ಮುದುಕ, ಬರೀ ಧೂಳು! ಬೇರೆ ಡಬ್ಬಿ ತೆಗಿಯೋ ಅಂತಾರೆ ಎಲ್ಲರೂ. ನನಗೆ ಮನಸ್ಸು ಬರಲ್ಲ."

ಅವನ ಬೆರಳುಗಳ ನಡುವೆ ಕೊನೆಯ ತೋಟಾ ಇತ್ತು. ಅದರ ಬಾಯಿಗೆ ಬಿಳಿ ಮೇಣ ಮೆತ್ತಿತ್ತು. ಮೊನ್ನೆ ಗ್ಯಾರೇಜಿನಲ್ಲಿ, ತೋಟಾ ತುಂಬುವ ಅಪ್ಪನ ಯಂತ್ರದಲ್ಲಿ ಒಂದೊಂದನ್ನೇ ತುಂಬಿ, ಚಿಟಿಕೆಯಷ್ಟೂ ಚೆಲ್ಲದಿರಲೆಂದು ಮೇಣದಬತ್ತಿ ಕರಗಿಸಿ ಮುಚ್ಚಿದವಳು ಮಾರ್ನಿಯೇ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ಹಾಕಬೇಡ ಚಿಕ್ಕಪ್ಪ. ಅದನ್ನು ತುಂಬಿದ್ದು ನಾನು. ಒಳಗಿರೋದು ಅಪ್ಪನ ಬೂದಿ. ಅದನ್ನ ತೋಟಾಗಳಿಗೆ ತುಂಬಿ, ಈ ವರ್ಷದ ಬೇಟೆ ಶುರುವಾಗೋ ದಿನ ತಾನು ಬೇಟೆಯಾಡ್ತಿದ್ದ ಕೆರೆ ಮೇಲೆ ನೀನೂ ನಾನೂ ಸೇರಿ ಹಾರಿಸಬೇಕು ಅಂತ ಕೇಳ್ಕೊಂಡಿದ್ದ. ಅದನ್ನ ಹೇಳೋಕೇ ಬಂದೆ."

ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಆರ್ವಿಡ್ ತೋಟಾವನ್ನು ಅವಳ ಅಂಗೈಯಲ್ಲಿಟ್ಟ. ಬೆಳಗಿನಿಂದ ಪ್ರತಿ ಸಲ ಮಾಡಿದಂತೆ ಕನ್ನಡಕ ಒರೆಸಿಕೊಳ್ಳಲು ತೋಳೆತ್ತಿದ. ಅಂಗಿಯ ತೋಳು ಮೊಣಕೈವರೆಗೂ ಬೂದುಬಣ್ಣಕ್ಕೆ ತಿರುಗಿತ್ತು. ಕನ್ನಡಕದ ಗಾಜಿನ ಮೇಲೆ ಇನ್ನೂ ಒಂದಿಷ್ಟು ಕೂತಿತ್ತು. ಒರೆಸಲು ಅವನಿಗೆ ಕೈ ಬರಲಿಲ್ಲ.