ಹಸಿರು ಸ್ವೆಟರ್

"ಅಮ್ಮಾ, ಮನೆ ಕೀ ಕೊಡು!" ಎನ್ನುತ್ತ ಹುಡುಗಿಯೊಬ್ಬಳು ಆಸ್ಪತ್ರೆಯ ಕೋಣೆಗೆ ನುಗ್ಗಿ ಡಾಕ್ಟರಮ್ಮನ ಹೆಗಲಿಗೆ ಜೋತುಬಿದ್ದಳು. ಎದುರು ಕುಳಿತಿದ್ದ ಟೈಲರಮ್ಮ ಹುಡುಗಿಯತ್ತ ತಿರುಗಿ ನೋಡಿದಳು. ಹುಡುಗಿಯ ಮೈಮೇಲಿದ್ದುದು ತೀರಿಹೋದ ತನ್ನ ಮಗಳ ಹಸಿರು ಸ್ವೆಟರ್.

ದುಃಖದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ಮೊದಲ ದಿನವೇ, "ನಾನೂ ಇದ್ದೊಬ್ಬ ಮಗಳನ್ನ ಕಳ್ಕೊಂಡೋಳು ಅಕ್ಕಾ" ಎಂದು ಕಣ್ಣೊರೆಸಿಕೊಂಡಿದ್ದಳು. ಅದನ್ನು ನಂಬಿಯೇ ಟೈಲರಮ್ಮ ಯಾರಿಗೂ ಹೇಳದ್ದನ್ನೆಲ್ಲ ಬಿಚ್ಚಿಟ್ಟಿದ್ದಳು. "ತಬ್ಕೊಂಡು ಮಲಗಿ, ನಿದ್ದೆ ಬರತ್ತೆ" ಎಂದು ಸ್ವೆಟರನ್ನೂ ಕೊಟ್ಟಿದ್ದಳು.

"ಹಾಗೆ ಹೇಳದಿದ್ರೆ ಯಾರೂ ಬಾಯೇ ಬಿಡಲ್ಲ ಅಕ್ಕಾ... ಸಂಶೋಧನೆಗೋಸ್ಕರ..." ಡಾಕ್ಟರಮ್ಮ ತೊದಲಿದಳು.

ಟೈಲರಮ್ಮ ಅವಳತ್ತ ತಿರುಗಲಿಲ್ಲ. ಎದ್ದು ಹೋಗಿ, ಹುಡುಗಿಯ ಕತ್ತಿನ ಬಳಿ ಬಿಚ್ಚಿಕೊಂಡಿದ್ದ ಗುಂಡಿ ಹಾಕಿದಳು.

"ನೂರು ಕಾಲ ಬಾಳು ಮಗಳೇ. ನಿಮ್ಮಮ್ಮನ ಮಾತು ಯಾವತ್ತೂ ನಿಜ ಆಗದಿರಲಿ."